ಇಳಿಯುವ ಮುನ್ನ ಇಳಿಸಬೇಕಾದ ಹೊರೆ

ಹೋದ ಬೇಸಿಗೆ ರಜೆಯಲ್ಲಿ ಸಿರುಗುಪ್ಪದ ಅಕ್ಕನ ಮನೆಗೆ ಹೋಗಿದ್ದೆ. ಪಿಯುಸಿ ಓದುವ ಅಕ್ಕನ ಮಗ ಹಳೆಯ ಲ್ಯಾಪ್‌ಟಾಪಿನ ಮುಂದೆ ಕೂತು ಮುನ್ ಎಂಬ ಚಂದ್ರನ ಮೇಲೆ ನೌಕೆ ಇಳಿಸುತ್ತಿದ್ದ. ಕಾಲುಗಳು ನೆಲ ಮುಟ್ಟಿದವು, ಎಂಜಿನ್ ಆರಿತು. ಇನ್ನೇನು ಚಪ್ಪಾಳೆ ತಟ್ಟಬೇಕು ಅನ್ನುವಷ್ಟರಲ್ಲಿ ನೌಕೆ ಮೆಲ್ಲಗೆ ಒಂದು ಪಕ್ಕಕ್ಕೆ ವಾಲಿ ಇಳಿಜಾರಿನಲ್ಲಿ ಮಗುಚಿಕೊಂಡಿತು. ಒಂದೇ ನೌಕೆಯಲ್ಲಿ ಎರಡು ಚಂದ್ರರ ಮೇಲೆ ಇಳಿದು ವಾಪಸು ಬರಬೇಕೆಂದು ಅವನು ಇಂಧನದ ಟ್ಯಾಂಕುಗಳನ್ನು ಒಂದರ ಮೇಲೊಂದು ಪೇರಿಸಿದ್ದ. ಹಿಂದೆ ನಿಂತು ನೋಡುತ್ತಿದ್ದ ಭಾವ ಜೀವಮಾನವಿಡೀ ಭತ್ತದ ಹುಲ್ಲು ಹೇರಿದವರು. "ಅಗಲ ಇಲ್ದಂಗ ಎತ್ತರ ಹೇರಿದ್ರ ಗಾಡಿ ಮಗುಚದ ಇರ್ತದೇನು?" ಅಂದರು.

ಆಟದ ಹೆಸರು ಕರ್ಬಲ್ ಸ್ಪೇಸ್ ಪ್ರೋಗ್ರಾಂ. ಅದರಲ್ಲಿ ಒಂದೇ ಪ್ರಯಾಣದಲ್ಲಿ ಹಲವು ಚಂದ್ರರ ಮೇಲೆ ಇಳಿಯುವ ನೌಕೆ ಕಟ್ಟುವುದು ಈಗ ಒಂದು ವಿದ್ಯೆಯೇ ಆಗಿ ಬೆಳೆದಿದೆ. ಆ ವಿದ್ಯೆ ಹೇಗೆ ಬೆಳೆಯಿತು ಎಂಬುದನ್ನು ಬರೆಯಬೇಕೆನಿಸಿದ್ದು ಭಾವನ ಆ ಮಾತು ಕೇಳಿದ ಮೇಲೆ.

ಮೊದಮೊದಲು ಇದ್ದದ್ದು ಒಂದೇ ಚಂದ್ರ, ಒಂದೇ ಸಲದ ಇಳಿತ. 1969ರಲ್ಲಿ ಅಪೋಲೊ 11 ಚಂದ್ರನ ಮೇಲೆ ಇಳಿದ ಕೆಲವೇ ತಿಂಗಳಲ್ಲಿ ಜಿಮ್ ಸ್ಟೋರರ್ ಎಂಬ ಅಮೆರಿಕದ ಹೈಸ್ಕೂಲು ವಿದ್ಯಾರ್ಥಿ ಪಿಡಿಪಿ-8 ಕಂಪ್ಯೂಟರಿನಲ್ಲಿ ಚಂದ್ರನ ಮೇಲಿಳಿಯುವ ಆಟ ಬರೆದ. ಅದರಲ್ಲಿ ಚಿತ್ರವೇ ಇರಲಿಲ್ಲ. ಎತ್ತರ, ವೇಗ, ಉಳಿದ ಇಂಧನ ಅಂಕೆಗಳಾಗಿ ಕಾಗದದ ಮೇಲೆ ಅಚ್ಚಾಗುತ್ತಿದ್ದವು. ಎಷ್ಟು ಇಂಧನ ಉರಿಸಬೇಕೆಂದು ಆಡುವವನು ಟೈಪು ಮಾಡಬೇಕಿತ್ತು. 1973ರಲ್ಲಿ ಜ್ಯಾಕ್ ಬರ್ನೆಸ್ ಅದನ್ನು ಪರದೆಯ ಮೇಲೆ ತಂದರು. 1979ರಲ್ಲಿ ಅಟಾರಿ ಅದನ್ನು ನಾಣ್ಯ ಹಾಕಿ ಆಡುವ ಯಂತ್ರ ಮಾಡಿತು. ಈ ಮೂರರಲ್ಲೂ ನೌಕೆ ಸಿದ್ಧವಾಗಿಯೇ ಸಿಗುತ್ತಿತ್ತು. ಅದು ಯಾಕೆ ಹಾಗಿದೆ ಎಂಬ ಪ್ರಶ್ನೆಗೆ ಆಟದಲ್ಲಿ ಜಾಗವೇ ಇರಲಿಲ್ಲ. 2000ದಲ್ಲಿ ಮಾರ್ಟಿನ್ ಶ್ವೈಗರ್ ಲಂಡನ್ನಿನಲ್ಲಿ ರೂಪಿಸಿದ ಆರ್ಬಿಟರ್ ಸೌರಮಂಡಲವನ್ನು ನಿಜವಾದ ಅಳತೆಯಲ್ಲೇ ಕೊಟ್ಟಿತು, ಕಕ್ಷೆಯ ಗಣಿತವನ್ನೂ ಪ್ರಾಮಾಣಿಕವಾಗಿ ಕಲಿಸಿತು. ಆದರೆ ಹೊಸ ನೌಕೆ ಬೇಕೆಂದರೆ ಪ್ರೋಗ್ರಾಂ ಬರೆಯುವುದು ಬರಬೇಕಿತ್ತು.

ಕಟ್ಟುವ ಕೆಲಸ ಆಡುವವನ ಕೈಗೆ ಬಂದದ್ದು 2011ರ ಜೂನ್ 24ರಂದು, ಕರ್ಬಲ್ ಆಟದ ಮೊದಲ ಬಿಡುಗಡೆಯೊಂದಿಗೆ. ಅದನ್ನು ರೂಪಿಸಿದ ಫೆಲಿಪೆ ಫಲಾಂಗೆ ಬಾಲ್ಯದಲ್ಲಿ ಪಟಾಕಿಗಳಿಗೆ ಪುಟ್ಟ ತಗಡಿನ ಬೊಂಬೆ ಕಟ್ಟಿ ಹಾರಿಸುತ್ತಿದ್ದರಂತೆ. ಆ ಬೊಂಬೆಗಳನ್ನೇ ಕರ್ಬಲ್ ಎಂದು ಕರೆಯುತ್ತಿದ್ದರು. ದೀಪಾವಳಿಯ ರಾಕೆಟ್ಟಿಗೆ ಏನಾದರೂ ಕಟ್ಟಿ ಬಿಡದ ಹುಡುಗರು ನಮ್ಮ ಬಳ್ಳಾರಿಯ ಓಣಿಗಳಲ್ಲೂ ಸಿಗಲಿಕ್ಕಿಲ್ಲ. ಮೆಕ್ಸಿಕೋ ನಗರದ ಸ್ಕ್ವಾಡ್ ಎಂಬ ಜಾಹೀರಾತು ಕಂಪನಿಯಲ್ಲಿ ಕೆಲಸಕ್ಕಿದ್ದಾಗ ಫಲಾಂಗೆ ಈ ಆಟ ಶುರು ಮಾಡಿದರು. ಮೊದಲ ಬಿಡುಗಡೆಯಲ್ಲಿ ಚಂದ್ರನೇ ಇರಲಿಲ್ಲ. ಮುನ್ ಬಂದದ್ದು 0.12ನೇ ಆವೃತ್ತಿಯಲ್ಲಿ, ಮಿನ್ಮಸ್ ಎಂಬ ಎರಡನೆಯ ಪುಟ್ಟ ಚಂದ್ರ 0.15ರಲ್ಲಿ. ಅಲ್ಲಿಂದಲೇ "ಎರಡನ್ನೂ ಒಂದೇ ಸಲ ಮುಗಿಸೋಣ" ಎಂಬ ಆಸೆ ಹುಟ್ಟಿತು.

ಬಳ್ಳಾರಿಯಿಂದ ಕುರುಗೋಡು, ಅಲ್ಲಿಂದ ಸಿರುಗುಪ್ಪ ಎಂದು ಹೊರಟವನು ಕಿಲೋಮೀಟರಿನ ಲೆಕ್ಕ ಹಾಕುತ್ತಾನೆ. ಬಾಹ್ಯಾಕಾಶದಲ್ಲಿ ಬೆಲೆ ತೆರಬೇಕಾದದ್ದು ದೂರಕ್ಕಲ್ಲ, ವೇಗದ ಬದಲಾವಣೆಗೆ. ಅದನ್ನೇ ಡೆಲ್ಟಾ-ವಿ ಎನ್ನುತ್ತಾರೆ. ಆಟದ ಭೂಮಿಯಾದ ಕರ್ಬಿನ್‌ನ ಕೆಳಕಕ್ಷೆಯಿಂದ ಹೊರಟು ಮುನ್ ಮೇಲೆ ಇಳಿಯಲು ಸೆಕೆಂಡಿಗೆ ಸುಮಾರು 1,750 ಮೀಟರ್ ವೇಗ ಬದಲಿಸಬೇಕು. ಮಿನ್ಮಸ್ ಅದಕ್ಕಿಂತ ನಾಲ್ಕು ಪಟ್ಟು ದೂರ, ಆದರೂ 1,270 ಸಾಕು. ಅದರ ಗುರುತ್ವ ಅಷ್ಟು ಕಡಿಮೆ. ದೂರದ ಊರೇ ಅಗ್ಗದ ಊರು ಎಂಬುದನ್ನು ಒಪ್ಪಿಕೊಳ್ಳಲು ನನ್ನ ಅಳಿಯನಿಗೆ ಒಂದು ವಾರ ಬೇಕಾಯಿತು.

ಎರಡನೆಯ ಪಾಠ ಇನ್ನೂ ಕಠಿಣ. ರಷ್ಯಾದ ತ್ಸಿಯೋಲ್ಕೋವ್‌ಸ್ಕಿ 1903ರಲ್ಲಿ ಪ್ರಕಟಿಸಿದ ಸಮೀಕರಣ ಹೇಳುವುದಿಷ್ಟು: ಹೊತ್ತೊಯ್ಯುವ ಇಂಧನವನ್ನು ಹೊರಲಿಕ್ಕೂ ಇಂಧನ ಬೇಕು. ಬುತ್ತಿ ಹೊರುವವನ ಹಸಿವು ಬುತ್ತಿಯ ಭಾರಕ್ಕೇ ಹೆಚ್ಚಿದಂತೆ. ಆದ್ದರಿಂದ ವೇಗದ ಬೇಡಿಕೆ ಏರಿದಂತೆ ಇಂಧನ ಅದೇ ಪ್ರಮಾಣದಲ್ಲಿ ಏರುವುದಿಲ್ಲ, ಜಿಗಿಯುತ್ತದೆ. ಕಕ್ಷೆಯಿಂದ ಇಳಿದು ಮತ್ತೆ ಕಕ್ಷೆಗೆ ಏರುವುದಕ್ಕೆ ಮುನ್‌ನಲ್ಲಿ ಸುಮಾರು 1,160, ಮಿನ್ಮಸ್‌ನಲ್ಲಿ 360 ಬೇಕು. ಟ್ಯಾಂಕು ಬರಿದಾದಾಗ 3 ಟನ್ ತೂಗುವ ಲ್ಯಾಂಡರಿಗೆ ಟೆರಿಯರ್ ಎಂಬ ಎಂಜಿನ್ ಕೂಡಿಸಿದರೆ ಈ ಎರಡು ಇಳಿತಗಳಿಗೆ 1.7 ಟನ್ ಇಂಧನ ಸಾಕು. ಆದರೆ ಒಂದು ಚಂದ್ರನಿಂದ ಇನ್ನೊಂದಕ್ಕೆ ಹೋಗುವ, ಮನೆಗೆ ಮರಳುವ ಇಂಧನವನ್ನೂ ಇದೇ ಲ್ಯಾಂಡರ್ ಹೊತ್ತು ಇಳಿದರೆ, ಹೊತ್ತು ಏರಿದರೆ? ಸಿರುಗುಪ್ಪದಲ್ಲಿ ಮಗುಚಿಕೊಂಡ ನೌಕೆ ಅಂಥದ್ದು.

ಈ ಗಂಟು ಬಿಡಿಸಿದ್ದು 2012ರ ಡಿಸೆಂಬರ್. ಆ ತಿಂಗಳ 0.18ನೇ ಆವೃತ್ತಿ ಎರಡು ನೌಕೆಗಳು ಕಕ್ಷೆಯಲ್ಲಿ ಕೂಡಿಕೊಳ್ಳುವ ಡಾಕಿಂಗ್ ಸೌಲಭ್ಯವನ್ನೂ ಮುಂದಿನ ದಾರಿಯನ್ನು ಮೊದಲೇ ಗೆರೆ ಎಳೆದು ನೋಡುವ ಸಾಧನವನ್ನೂ ತಂದಿತು. ನನ್ನ ಮಟ್ಟಿಗೆ ಈ ಕ್ಷೇತ್ರದ ಚರಿತ್ರೆ ಆ ಆವೃತ್ತಿಯಿಂದ ಎರಡು ಹೋಳಾಗುತ್ತದೆ. ಅದಕ್ಕೆ ಮುಂಚೆ ನೌಕೆ ಎಂದರೆ ಒಂದು ವಸ್ತು. ಆಮೇಲೆ ಅದು ಒಂದು ತಂಡ. ಕುರುಗೋಡಿನ ಗುಡ್ಡ ಹತ್ತುವವನು ಸಂತೆಯ ಚೀಲವನ್ನು ಬುಡದಲ್ಲೇ ಗುರುತಿನ ಅಂಗಡಿಯಲ್ಲಿಟ್ಟು ನೀರಿನ ಬಾಟಲಿ ಮಾತ್ರ ಹಿಡಿದು ಹತ್ತುತ್ತಾನೆ. ಹಾಗೆಯೇ ತಾಯಿನೌಕೆ ಮೇಲೆ ಕಕ್ಷೆಯಲ್ಲಿ ಕಾಯುತ್ತದೆ. ಸಣ್ಣ ಲ್ಯಾಂಡರ್ ಇಳಿದು, ಏರಿ, ತಾಯಿಗೆ ಅಂಟಿಕೊಂಡು, ಇಂಧನ ತುಂಬಿಕೊಂಡು ಮುಂದಿನ ಚಂದ್ರನಿಗೆ ಸಜ್ಜಾಗುತ್ತದೆ.

ಈ ಉಪಾಯ ಆಟದವರು ಕಂಡುಹಿಡಿದದ್ದಲ್ಲ. ಯೂರಿ ಕೊಂದ್ರಾತ್ಯುಕ್ ಕಳೆದ ಶತಮಾನದ ಮೊದಲ ದಶಕಗಳಲ್ಲೇ ಇದನ್ನು ಲೆಕ್ಕ ಹಾಕಿದ್ದರು. ನಾಸಾದಲ್ಲಿ ಜಾನ್ ಹೌಬೋಲ್ಟ್ ಮೇಲಧಿಕಾರಿಗಳನ್ನು ದಾಟಿ ಪತ್ರ ಬರೆದು ಹಟ ಹಿಡಿದದ್ದರಿಂದ 1962ರ ಜುಲೈಯಲ್ಲಿ ಅಪೋಲೊ ಈ ದಾರಿ ಹಿಡಿಯಿತು. ಇಡೀ ನೌಕೆಯನ್ನೇ ಚಂದ್ರನ ಮೇಲಿಳಿಸುವ ದಾರಿ ಹಿಡಿದಿದ್ದರೆ ಸ್ಯಾಟರ್ನ್ 5ಕ್ಕಿಂತಲೂ ದೊಡ್ಡ ರಾಕೆಟ್ ಬೇಕಾಗುತ್ತಿತ್ತು. ಒಂದು ಸಂಸ್ಥೆ ವರ್ಷಗಟ್ಟಲೆ ಜಗಳಾಡಿ ತಲುಪಿದ ತೀರ್ಮಾನವನ್ನು ಹದಿನೇಳರ ಹುಡುಗನೊಬ್ಬ ನಾಲ್ಕು ಸಲ ಮಗುಚಿ ತಾನಾಗಿಯೇ ತಲುಪುತ್ತಾನೆ. ಈ ಆಟದ ಬಗ್ಗೆ ನನಗಿರುವ ಗೌರವಕ್ಕೆ ಇದೇ ಕಾರಣ.

ಜೂಲ್ ಎಂಬ ಹಸಿರು ದೈತ್ಯ ಗ್ರಹ 2012ರ ಸೆಪ್ಟೆಂಬರಿನಲ್ಲೇ ಬಂದಿತ್ತು. ಲೇಥ್, ವಾಲ್, ಟೈಲೋ, ಬಾಪ್ ಅದರ ಜೊತೆಗೇ ಬಂದವು, ಪೋಲ್ ಡಿಸೆಂಬರಿನಲ್ಲಿ ಸೇರಿತು. ಐದು ಚಂದ್ರರ ಮೇಲೂ ಒಂದೇ ಯಾತ್ರೆಯಲ್ಲಿ ಇಳಿದು ಮರಳುವುದು ಆಟಗಾರರಲ್ಲಿ ಜೂಲ್-5 ಎಂದು ಹೆಸರಾಗಿದೆ. ಬಹುಚಂದ್ರ ನೌಕೆಯ ವಿನ್ಯಾಸ ಪಕ್ವವಾದದ್ದು ಈ ಒಂದು ಸವಾಲಿನಲ್ಲಿ. ಯಾಕೆಂದರೆ ಐದಕ್ಕೆ ಐದೂ ಬೇರೆ ಬೇರೆ ಜಾತಿ. ಬಾಪ್, ಪೋಲ್ ಎರಡೂ ಬರೀ ಬಂಡೆಗಳಿದ್ದಂತೆ. ಎರಡರ ಮೇಲೂ ಇಳಿದು ಏರಲು ಒಟ್ಟು 720 ಡೆಲ್ಟಾ-ವಿ. ನಮ್ಮ 3 ಟನ್ನಿನ ಲ್ಯಾಂಡರಿಗೆ ಮುಕ್ಕಾಲು ಟನ್ ಇಂಧನವೂ ಬೇಡ. ವಾಲ್ ಹಿಮದ ಚಂದ್ರ, ಅಲ್ಲಿಗೆ 2 ಟನ್.

ಟೈಲೋ ಹತ್ತಿರ ಎಲ್ಲರೂ ಸೋಲುತ್ತಾರೆ. ಗಾತ್ರದಲ್ಲಿ ಕರ್ಬಿನ್‌ನಷ್ಟೇ ಇದ್ದು, ಗುರುತ್ವ ಅದರ ಶೇ. 80ರಷ್ಟಿದೆ, ಆದರೆ ಗಾಳಿ ಒಂದು ಉಸಿರಿನಷ್ಟೂ ಇಲ್ಲ. ಪ್ಯಾರಾಶೂಟ್ ನಡೆಯದು, ವೇಗದ ಪ್ರತಿ ಮೀಟರನ್ನೂ ಎಂಜಿನ್ನಿನಿಂದಲೇ ಕಳೆಯಬೇಕು. ಇಳಿದೇರಲು 4,540. ಅದೇ 3 ಟನ್ನಿನ ಲ್ಯಾಂಡರಿಗೆ ಈಗ 8.5 ಟನ್ ಇಂಧನ. ತುಂಬಿದ ತೂಕ 11.5 ಟನ್ ಆಯಿತು, ಅದನ್ನು ಟೈಲೋ 90 ಕಿಲೋನ್ಯೂಟನ್ ಬಲದಿಂದ ಎಳೆಯುತ್ತದೆ. ಟೆರಿಯರ್ ತಳ್ಳುವುದು 60 ಕಿಲೋನ್ಯೂಟನ್ ಮಾತ್ರ. ಎರಡನೆಯ ಎಂಜಿನ್ ಹಾಕಿದರೆ ಬರಿದಾದ ತೂಕ 3.5 ಟನ್ನಿಗೆ ಏರಿ ಇಂಧನದ ಲೆಕ್ಕ ಮತ್ತೆ ಮೊದಲಿನಿಂದ. ಹೀಗೆ ಸುತ್ತಿ ಸುತ್ತಿ ಬಂದವರು ಕೊನೆಗೆ ಹಿಡಿದ ದಾರಿಯೂ ಅಪೋಲೊದ್ದೇ. ಇಳಿಯುವ ಎಂಜಿನ್, ಕಾಲು, ಖಾಲಿ ಟ್ಯಾಂಕುಗಳನ್ನೆಲ್ಲ ಟೈಲೋ ನೆಲದ ಮೇಲೆ ಬಿಟ್ಟು, ಚಿಕ್ಕ ಏರುಹಂತ ಮಾತ್ರ ಮೇಲೆ ಹಾರಬೇಕು. ಹಾಗೆ ಬಿಟ್ಟು ಬಂದ ಹಂತ ಮತ್ತೆ ಸಿಗದು. ಆದ್ದರಿಂದ ಮೊದಲು ಟೈಲೋವನ್ನು ಮುಗಿಸಿ, ಉಳಿದ ಚಿಕ್ಕ ಏರುಹಂತದಿಂದಲೇ ಬಾಪ್, ಪೋಲ್‌ಗಳ ಮೇಲೆ ಇಳಿಯುವ ಕ್ರಮ ಬಳಕೆಗೆ ಬಂತು.

ಅದೇ ಟೈಲೋ ಇನ್ನೊಂದು ಬಗೆಯಲ್ಲಿ ಉಪಕಾರಿಯೂ ಹೌದು. ಜೂಲ್ ಬಳಿಗೆ ಧಾವಿಸಿ ಬರುವ ನೌಕೆ ಸರಿಯಾದ ಕೋನದಲ್ಲಿ ಟೈಲೋ ಪಕ್ಕದಲ್ಲಿ ಹಾದರೆ ಅದರ ಗುರುತ್ವವೇ ಬ್ರೇಕು ಹಾಕುತ್ತದೆ. ಲೇಥ್‌ನದು ಪೂರ್ತಿ ಬೇರೆ ಕಥೆ. ಅಲ್ಲಿ ಕಡಲಿದೆ, ಆಮ್ಲಜನಕವಿರುವ ಗಾಳಿಯಿದೆ. ಜೆಟ್ ಎಂಜಿನ್ ಉರಿಯುತ್ತದೆ, ಅಂದರೆ ಇಂಧನ ಉರಿಸಲು ಬೇಕಾದ ಆಮ್ಲಜನಕವನ್ನು ಹೊತ್ತೊಯ್ಯಬೇಕಿಲ್ಲ. ಅಲ್ಲಿಗೆಂದೇ ರೆಕ್ಕೆಯ ವಿಮಾನನೌಕೆಗಳು ಹುಟ್ಟಿಕೊಂಡವು.

2015ರ ಏಪ್ರಿಲ್ 27ರ 1.0 ಆವೃತ್ತಿಯಲ್ಲಿ ಗಾಳಿಯ ಘರ್ಷಣೆ, ಮರುಪ್ರವೇಶದ ಕಾವು ನೈಜಕ್ಕೆ ಹತ್ತಿರವಾದವು. ಹಳೆಯ ವಿನ್ಯಾಸಗಳೆಷ್ಟೋ ಉರಿದು ಬಿದ್ದವು. ಚಂದ್ರನ ನೆಲ ಅಗೆದು ಅದಿರಿನಿಂದ ಇಂಧನ ಮಾಡುವ ಯಂತ್ರವೂ ಆಗಲೇ ಬಂತು. ಅದಿರಿನ ಲಾರಿ ನೋಡುತ್ತ ಬೆಳೆದ ಬಳ್ಳಾರಿಯವನಾದ ನನಗೆ ಈ ಭಾಗ ತೀರಾ ಹತ್ತಿರದ್ದು. ಮಿನ್ಮಸ್‌ನಂಥ ಕಡಿಮೆ ಗುರುತ್ವದ ಕಡೆ ಅಗೆದು ತುಂಬಿಕೊಂಡರೆ ಮುಂದಿನ ಚಂದ್ರನಿಗೆ ಮನೆಯಿಂದ ಇಂಧನ ಒಯ್ಯಬೇಕಿಲ್ಲ. ಬದಲಿಗೆ ಗಣಿ ಯಂತ್ರದ ಭಾರ ಹೊರಬೇಕು. ಎರಡು ಇಳಿತಕ್ಕೆ ಅದು ನಷ್ಟ, ಐದಕ್ಕೆ ಲಾಭ. 2018ರ ಡಿಸೆಂಬರಿನಲ್ಲಿ ಪ್ರತಿ ಹಂತದ ಡೆಲ್ಟಾ-ವಿಯನ್ನು ಆಟವೇ ತೋರಿಸತೊಡಗಿತು. ಅಲ್ಲಿಯವರೆಗೆ ಬೇರೆಯವರು ಬರೆದ ಪೂರಕ ತಂತ್ರಾಂಶ ಬೇಕಿತ್ತು, ಇಲ್ಲವೇ ನೋಟುಬುಕ್ಕಿನಲ್ಲಿ ಲಾಗರಿದಮ್ ಬಿಡಿಸಬೇಕಿತ್ತು. 2023ರ ಫೆಬ್ರವರಿಯಲ್ಲಿ ಬಂದ ಎರಡನೆಯ ಕರ್ಬಲ್ ಆಟ ದೊಡ್ಡ ಭರವಸೆ ಕೊಟ್ಟು ಅರ್ಧಕ್ಕೇ ನಿಂತುಹೋಯಿತು. ಜನ ಈಗಲೂ ಕಟ್ಟುತ್ತಿರುವುದು ಹಳೆಯದರಲ್ಲೇ.

ಇದೆಲ್ಲ ಪರದೆಯ ಮೇಲಾಯಿತು. ಬಳ್ಳಾರಿಯಿಂದ ಬೆಂಗಳೂರಿನ ದಾರಿಯಲ್ಲಿ ಚಳ್ಳಕೆರೆ ಸಿಗುತ್ತದೆ. ಅಲ್ಲಿನ ಉಳ್ಳಾರ್ತಿ ಕಾವಲಿನ ಬಯಲಿನಲ್ಲಿ ಇಸ್ರೋ ಚಂದ್ರನ ಮೇಲಿರುವಂಥ ಕುಳಿಗಳನ್ನು ತೋಡಿ, ವಿಕ್ರಮ್ ಲ್ಯಾಂಡರಿನ ಸೆನ್ಸರುಗಳನ್ನು ಆಕಾಶದಿಂದ ಪರೀಕ್ಷಿಸಿತು. ನಮ್ಮದೇ ಸೀಮೆಯ ಕುರಿ ಮೇಯುವ ನೆಲ ಚಂದ್ರನ ನೆಲವಾಯಿತು. 2019ರ ಸೆಪ್ಟೆಂಬರ್ 7ರಂದು ಚಂದ್ರಯಾನ-2ರ ವಿಕ್ರಮ್ ಅಪ್ಪಳಿಸಿದ ಮೇಲೆ ಬೆಂಗಳೂರಿನ ಎಂಜಿನಿಯರುಗಳು ಅದರ ವಿನ್ಯಾಸವನ್ನು ತಿದ್ದಿದ ಬಗೆ ಆಟಗಾರರಿಗೆ ಥಟ್ಟನೆ ಅರ್ಥವಾಗುವಂಥದ್ದು. ಕಾಲುಗಳನ್ನು ಗಟ್ಟಿ ಮಾಡಿದರು. ನೆಲ ಮುಟ್ಟುವ ವೇಗದ ಮಿತಿಯನ್ನು ಸೆಕೆಂಡಿಗೆ 2 ಮೀಟರಿನಿಂದ 3ಕ್ಕೆ ಏರಿಸಿದರು. ಐದು ಎಂಜಿನ್ ನಾಲ್ಕಾದವು, ಇಂಧನ ಹೆಚ್ಚಾಯಿತು. ಇಳಿಯುವ ಜಾಗವನ್ನು 500 ಮೀಟರ್ ಚೌಕದಿಂದ 4 ಕಿಲೋಮೀಟರ್ ಉದ್ದ, 2.5 ಕಿಲೋಮೀಟರ್ ಅಗಲಕ್ಕೆ ಹಿಗ್ಗಿಸಿದರು. 2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3ರ ವಿಕ್ರಮ್ ನೆಟ್ಟಗೆ ನಿಂತಿತು.

ಆಮೇಲೆ ನಡೆದದ್ದು ಈ ಲೇಖನಕ್ಕೆ ಇನ್ನೂ ಮುಖ್ಯ. ಸೆಪ್ಟೆಂಬರ್ 3ರಂದು ವಿಕ್ರಮ್ ಎಂಜಿನ್ ಮತ್ತೆ ಉರಿಸಿ ಸುಮಾರು 40 ಸೆಂಟಿಮೀಟರ್ ಮೇಲೆದ್ದು, ಅಷ್ಟೇ ದೂರದಲ್ಲಿ ಮತ್ತೆ ಇಳಿಯಿತು. 1967ರ ನವೆಂಬರಿನಲ್ಲಿ ಅಮೆರಿಕದ ಸರ್ವೇಯರ್ 6 ಇಂಥದ್ದೇ ಜಿಗಿತ ಜಿಗಿದಿತ್ತು. ವಿಕ್ರಮ್ ಅನ್ನು ಹೊತ್ತೊಯ್ದು ಚಂದ್ರನ ಕಕ್ಷೆಯಲ್ಲೇ ಉಳಿದಿದ್ದ ಪ್ರೊಪಲ್ಷನ್ ಮಾಡ್ಯೂಲಿನಲ್ಲಿ 100 ಕಿಲೋಗೂ ಹೆಚ್ಚು ಇಂಧನ ಉಳಿದಿದ್ದರಿಂದ ಅದನ್ನು ಭೂಮಿಯ ಕಕ್ಷೆಗೆ ಮರಳಿ ತಂದರು. ಎರಡು ಬೇರೆ ಬೇರೆ ಚಂದ್ರರ ಮೇಲೆ ಇಳಿದ ನೌಕೆ ನಿಜ ಜಗತ್ತಿನಲ್ಲಿ ಇದುವರೆಗೆ ಒಂದೂ ಇಲ್ಲ. ಗುರುವಿನ ಕಡೆ ಹೊರಟಿರುವ ಯುರೋಪಿನ ಜ್ಯೂಸ್ ಮೂರು ಚಂದ್ರರನ್ನು ಹಾದು 2034ರಲ್ಲಿ ಗ್ಯಾನಿಮೀಡ್ ಸುತ್ತ ಕಕ್ಷೆಗೆ ಸೇರಬೇಕಿದೆ, ಇಳಿಯುವುದಕ್ಕಲ್ಲ.

ಆದರೂ ಬೇಕಾದ ಬಿಡಿ ವಿದ್ಯೆಗಳು ಒಂದೊಂದಾಗಿ ಕೂಡಿಬರುತ್ತಿವೆ. 2025ರ ಜನವರಿ 16ರಂದು ಇಸ್ರೋದ ಸ್ಪೇಡೆಕ್ಸ್‌ನ ಎರಡು ಉಪಗ್ರಹಗಳು ಕಕ್ಷೆಯಲ್ಲಿ ಕೂಡಿಕೊಂಡವು. 2024ರ ಸೆಪ್ಟೆಂಬರಿನಲ್ಲಿ ಒಪ್ಪಿಗೆ ಪಡೆದ ಚಂದ್ರಯಾನ-4ರಲ್ಲಿ ಐದು ಮಾಡ್ಯೂಲುಗಳು: ತಳ್ಳುವುದು, ಇಳಿಯುವುದು, ಏರುವುದು, ಸಾಗಿಸುವುದು, ಭೂಮಿಗೆ ಮರಳುವುದು. ಎರಡು ರಾಕೆಟ್ಟಿನಲ್ಲಿ ಹೋಗಿ ಮೇಲೆ ಕೂಡುವ ಯೋಜನೆ. ಇಳಿಯುವ ಮಾಡ್ಯೂಲು ಚಂದ್ರನ ಮೇಲೇ ಉಳಿಯುತ್ತದೆ. ಅದರ ಚಿತ್ರವನ್ನು ಅಳಿಯನಿಗೆ ತೋರಿಸಿದಾಗ ಅವನು ಯಾವ ವಿವರಣೆಯನ್ನೂ ಕೇಳಲಿಲ್ಲ. ಯಾವ ಭಾಗ ಎಲ್ಲಿ ಕಳಚುತ್ತದೆಂದು ಬೆರಳಿಟ್ಟು ತಾನೇ ಹೇಳಿದ.

ಅವನ ಈಗಿನ ಲ್ಯಾಂಡರ್ ಗಿಡ್ಡ, ಅಗಲ; ನಾಲ್ಕು ಟ್ಯಾಂಕುಗಳು ಪಕ್ಕಪಕ್ಕದಲ್ಲಿವೆ, ಭಾವ ಹುಲ್ಲು ಹೇರಿಸಿದ ಹಾಗೆ. ಮುನ್, ಮಿನ್ಮಸ್ ಎರಡೂ ಮುಗಿದವು. ಭಾರ ಕಡಿಮೆ ಮಾಡಲು ಏಣಿಯನ್ನೂ ತೆಗೆದಿದ್ದ, ಯಾಕೆಂದರೆ ಅಲ್ಲೆಲ್ಲ ಆಟದ ಗಗನಯಾತ್ರಿಗಳಾದ ಕರ್ಬಲ್‌ಗಳು ಬೆನ್ನಿನ ಜೆಟ್‌ನಿಂದಲೇ ಬಾಗಿಲವರೆಗೆ ಹಾರಬಲ್ಲವು. ಮೊನ್ನೆ ಫೋನು ಮಾಡಿದಾಗ ಟೈಲೋಗೆ ಹೊರಡುವ ತಯಾರಿಯಲ್ಲಿದ್ದ. ಅಲ್ಲಿನ ಗುರುತ್ವಕ್ಕೆ ಬೆನ್ನಿನ ಜೆಟ್ ಸಾಲದು ಎಂದು ಪ್ರಯೋಗಕ್ಕೆ ಮೊದಲೇ ಲೆಕ್ಕ ಹಾಕಿ, ಏಣಿಯನ್ನು ಮತ್ತೆ ಜೋಡಿಸಿದ್ದ.