ಮುಳುಗಿ ಎದ್ದವರ ರಕ್ತದಲ್ಲಿ ಗುಳ್ಳೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಸಿಪ್ಪೆ ಸಮೇತ ತೆಂಗಿನಕಾಯಿ ತಿಂಗಳುಗಟ್ಟಲೆ ಅಟ್ಟದ ಮೇಲಿದ್ದು ಒಳಗೇ ಒಣಗಿ ಉಂಡೆ ಕೊಬ್ಬರಿಯಾಗುತ್ತದೆ. ಇಲ್ಲಿನ ಕೊಬ್ಬರಿ ಹೆಚ್ಚಾಗಿ ತಿನ್ನಲೆಂದೇ ಉತ್ತರ ಭಾರತಕ್ಕೆ ಹೋಗುತ್ತದೆ, ಗಾಣಕ್ಕಲ್ಲ. ಆದರೆ ಬೇರೆಡೆ ಕೊಬ್ಬರಿ ಎಣ್ಣೆಯಿಂದ ಸಾಬೂನು ಮಾಡುವಾಗ ಉಳಿಯುವ ಗ್ಲಿಸರಿನ್‌ಗೆ ವಿಚಿತ್ರವಾದ ಚರಿತ್ರೆಯಿದೆ. ಬಂಡೆ ಸಿಡಿಸುವ ಡೈನಮೈಟ್, ಎದೆನೋವಿಗೆ ನಾಲಿಗೆಯಡಿ ಇಡುವ ಮಾತ್ರೆ, ಕಡಲಾಳಕ್ಕೆ ಇಳಿಯುವವರ ಪ್ರಾಣರಕ್ಷಣೆ, ಈ ಮೂರರ ಕಥೆಯಲ್ಲೂ ಅದರ ಪಾತ್ರವಿದೆ.

ಇಟಲಿಯ ಸೊಬ್ರೆರೊ 1847ರಲ್ಲಿ ಗ್ಲಿಸರಿನ್‌ನಿಂದ ನೈಟ್ರೋಗ್ಲಿಸರಿನ್ ತಯಾರಿಸಿದ. ಸ್ವೀಡನ್ನಿನ ಆಲ್‌ಫ್ರೆಡ್ ನೊಬೆಲ್ ಅದನ್ನೇ ಪಳಗಿಸಿ 1867ರಲ್ಲಿ ಡೈನಮೈಟ್ ಮಾಡಿದ. ಕಾರ್ಖಾನೆಯ ಕೆಲಸಗಾರರಿಗೆ ಇದರಿಂದ ವಿಪರೀತ ತಲೆನೋವು. ರಕ್ತನಾಳಗಳು ಹಿಗ್ಗುವುದೇ ಅದಕ್ಕೆ ಕಾರಣ. 1879ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಮರೆಲ್ ಆ ಗುಣವನ್ನೇ ಎದೆನೋವಿಗೆ ಮದ್ದಾಗಿಸಿದ. ಮುಂದೆ ಹೃದ್ರೋಗಿಯಾದ ನೊಬೆಲ್‌ಗೂ ವೈದ್ಯರು ಬರೆದುಕೊಟ್ಟದ್ದು ನೈಟ್ರೋಗ್ಲಿಸರಿನ್ನೇ!

ನಾಳ ಹಿಗ್ಗುವುದು ಹೇಗೆಂಬುದು ಬಹುಕಾಲ ಒಗಟಾಗಿತ್ತು. ನೈಟ್ರೋಗ್ಲಿಸರಿನ್‌ನಿಂದ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಬಿಡುಗಡೆಯಾಗುತ್ತದೆಂದು 1977ರಲ್ಲಿ ಮುರಾದ್ ತೋರಿಸಿದರು. ನಾಳದ ಒಳಪದರ ತಾನೂ ಇದೇ ಅನಿಲವನ್ನು ಉತ್ಪಾದಿಸುತ್ತದೆ ಎಂಬುದು 1986ರಲ್ಲಿ ಫರ್ಚ್‌ಗಾಟ್ ಮತ್ತು ಇಗ್ನಾರೊ ಅವರಿಂದ ತಿಳಿಯಿತು. ಮೂವರಿಗೂ 1998ರ ನೊಬೆಲ್ ಬಹುಮಾನ ಬಂತು.

ಇನ್ನು ಕಡಲಿನ ಕಥೆ. ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗುವವರಲ್ಲಿ ಈಗ ಒಳನಾಡಿನವರೂ ಇದ್ದಾರೆ. ನೀರಿನಲ್ಲಿ 10 ಮೀಟರ್ ಇಳಿದರೆ ಮೈಮೇಲಿನ ಒತ್ತಡ ಇಮ್ಮಡಿಯಾಗುತ್ತದೆ. ಆ ಒತ್ತಡದಲ್ಲಿ ಉಸಿರಾಡಿದ ಗಾಳಿಯ ಸಾರಜನಕ ರಕ್ತದಲ್ಲಿ, ಕೊಬ್ಬಿನಲ್ಲಿ ಕರಗುತ್ತದೆ. ಸರ್ರನೆ ಮೇಲೆ ಬಂದರೆ ಗೋಲಿ ಸೋಡಾ ಒಡೆದಂತೆಯೇ. ಕರಗಿದ್ದ ಅನಿಲ ಗುಳ್ಳೆಗಟ್ಟುತ್ತದೆ. ಕೀಲುಗಳಲ್ಲಿ ಯಾತನೆ, ಕೆಲವೊಮ್ಮೆ ಪಾರ್ಶ್ವವಾಯು, ಸಾವೂ ಉಂಟು. ಬ್ರಿಟನ್ನಿನ ಜಾನ್ ಸ್ಕಾಟ್ ಹಾಲ್ಡೇನ್ ಮೇಕೆಗಳನ್ನು ಒತ್ತಡದ ಕೋಣೆಯಲ್ಲಿ ಕೂಡಿ ಪರೀಕ್ಷಿಸಿ, ಹಂತ ಹಂತವಾಗಿ ನಿಂತು ಮೇಲೇರುವ ಲೆಕ್ಕವನ್ನು 1908ರಲ್ಲಿ ಪ್ರಕಟಿಸಿದರು. ಇಂದಿನ ಕೋಷ್ಟಕಗಳೆಲ್ಲ ಆ ಮೇಕೆಗಳಿಗೆ ಋಣಿ.

ಒಂದೇ ಆಳಕ್ಕೆ, ಒಂದೇ ಹೊತ್ತು ಇಳಿದರೂ ಒಬ್ಬನ ಮೈಯಲ್ಲಿ ಗುಳ್ಳೆ ಹೆಚ್ಚು, ಇನ್ನೊಬ್ಬನಲ್ಲಿ ಕಡಿಮೆ. ಲೆಕ್ಕ ಇದನ್ನು ವಿವರಿಸಲಾರದು. ನಾರ್ವೆಯ ವಿಸ್ಲಾಫ್, ಬ್ರುಬಾಕ್ ಮತ್ತಿತರರು 2001ರಿಂದೀಚೆಗೆ ಇಲಿಗಳ ಮೇಲೆ ಪ್ರಯೋಗ ನಡೆಸಿದರು. ಮೊದಲೇ ವ್ಯಾಯಾಮ ಮಾಡಿಸಿದ ಇಲಿಗಳಲ್ಲಿ ಗುಳ್ಳೆ ಕಡಿಮೆ. ಸುಮ್ಮನಿದ್ದ ಇಲಿಗಳಲ್ಲಿ ನೈಟ್ರಿಕ್ ಆಕ್ಸೈಡ್ ತಯಾರಿಯನ್ನು ತಡೆದರೆ ಗುಳ್ಳೆ ಹೆಚ್ಚು. ಗುಳ್ಳೆಯ ಬೀಜ ನಾಳದ ಗೋಡೆಗೆ ಅಂಟಿಕೊಳ್ಳದಂತೆ ಈ ಅನಿಲ ತಡೆಯುತ್ತಿರಬಹುದೆಂಬುದು ಅವರ ಊಹೆ. 2006ರಲ್ಲಿ ಕ್ರೊಯೇಷಿಯಾದ ದುಯಿಚ್ ತಂಡ ಮುಳುಗುವ ಅರ್ಧ ಗಂಟೆ ಮೊದಲು ಮನುಷ್ಯರಿಗೇ ನೈಟ್ರೋಗ್ಲಿಸರಿನ್ ಸಿಂಪಡಿಸಿತು. ಆಗಲೂ ಗುಳ್ಳೆ ತಗ್ಗಿತು.

ಹಾಗೆಂದು ಮಾತ್ರೆ ನುಂಗಿ ಕಡಲಿಗೆ ಹಾರುವುದು ಶುದ್ಧ ಹುಚ್ಚುತನ. ರಕ್ತದೊತ್ತಡ ಕುಸಿದು ನೀರಿನಲ್ಲೇ ತಲೆಸುತ್ತು ಬಂದರೆ ಗತಿಯೇನು? ವ್ಯಾಯಾಮ ಮಾಡಿದ ಇಲಿಗಳಲ್ಲಿ ಆ ಅನಿಲವನ್ನು ತಡೆದರೂ ರಕ್ಷಣೆ ಉಳಿದೇ ಇತ್ತು. ಅಂದರೆ ಕಥೆ ಇದೊಂದರಿಂದಲೇ ಮುಗಿಯುವುದಿಲ್ಲ.

ಕೊಬ್ಬರಿ ಸೀಮೆಯವರಿಗೆ ಇದಕ್ಕಿಂತ ಹತ್ತಿರದ ಅಪಾಯ ಊರಿಗೆ ಮರಳುವ ದಾರಿಯಲ್ಲಿದೆ. ಮುಳುಗಿದ ಮೇಲೆ ವಿಮಾನ ಹತ್ತಲು ಕನಿಷ್ಠ 12 ಗಂಟೆ, ಹಲವು ಬಾರಿ ಮುಳುಗಿದ್ದರೆ 18 ಗಂಟೆ ಕಾಯಬೇಕೆಂಬ ಸಲಹೆಯಿದೆ. ಸುಮಾರು 600 ಮೀಟರ್‌ಗಿಂತ ಎತ್ತರದ ಊರಿಗೆ ರಸ್ತೆಯಲ್ಲಿ ಹೋಗುವುದಕ್ಕೂ ಈ ಎಚ್ಚರಿಕೆ ಅನ್ವಯಿಸುತ್ತದೆ. ತಿಪಟೂರಿನ ಸುತ್ತಮುತ್ತ ನೆಲ 800 ಮೀಟರ್ ಆಸುಪಾಸಿನಲ್ಲಿದೆ. ಬೆಳಿಗ್ಗೆ ನೇತ್ರಾಣಿಯಲ್ಲಿ ಮುಳುಗಿ, ಮಧ್ಯಾಹ್ನ ಹೊನ್ನಾವರಕ್ಕೆ ಬಂದು ಬಿ.ಎಚ್. ರಸ್ತೆ ಹಿಡಿದು ಘಟ್ಟ ಹತ್ತಿದರೆ ರಾತ್ರಿಗೆ ಮನೆ ಸೇರಬಹುದು, ನಿಜ. ಆದರೆ ಮೇಲೇರಿದಂತೆ ಗಾಳಿಯ ಒತ್ತಡ ತಗ್ಗಿ, ಮೈಯಲ್ಲಿ ಉಳಿದ ಸಾರಜನಕಕ್ಕೆ ಗುಳ್ಳೆಗಟ್ಟಲು ಇನ್ನೊಂದು ಅವಕಾಶ ಸಿಗುತ್ತದೆ. ನೋವು ಗಂಟೆಗಳ ನಂತರ ಕಾಣಿಸಿಕೊಂಡರೂ, ಮುಳುಗಿದ್ದ ಸಂಗತಿಯನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಅದು ಗೊತ್ತಾಗದೆ ಬರಿಯ ಕೀಲುನೋವೆಂದು ಮುಲಾಮು ಹಚ್ಚಿದರೆ, ಬೇಕಾದ ಆಮ್ಲಜನಕ ಮತ್ತು ಒತ್ತಡದ ಕೋಣೆಯ ಚಿಕಿತ್ಸೆ ತಡವಾಗುತ್ತದೆ.