ಲಾಂಗ್ಟನ್ನಿನ ಶುಕ್ರವಾರದ ಪಾಠ

ಹಗಲೆಲ್ಲ ದುಡಿದು ಇರುಳಿನಲ್ಲಿ ಓದುವವರಿಗೆ ಹಲವರು ಕೂಡಿ ಮಾಡಬೇಕಾದ ಅಭ್ಯಾಸವೊಂದನ್ನು ವಹಿಸಿದಾಗ, ಬಿಡುವುಳ್ಳವನು ಹೊರೆಯನ್ನೂ ಬಿಡುವಿಲ್ಲದವನು ಸಂಕೋಚವನ್ನೂ ಹೊತ್ತು, ಕಡೆಗೆ ಇಬ್ಬರೂ ಒಂದೇ ಅಂಕವನ್ನು ಪಡೆಯುವ ಪ್ರಸಂಗ ನಮ್ಮ ಸಂಜೆ ಕಾಲೇಜುಗಳಲ್ಲಿ ಅಪರೂಪವಲ್ಲ. ಕೂಡಿ ಕಲಿಯುವುದರಲ್ಲಿ ಯಾವುದು ಎಲ್ಲರದು, ಯಾವುದು ಒಬ್ಬೊಬ್ಬನದು ಎಂಬ ಈ ವಿವೇಚನೆಯನ್ನು ಇಂಗ್ಲೆಂಡಿನ ಕುಂಬಾರರೂ ನೇಯ್ಗೆಯವರೂ 1908ರಲ್ಲಿಯೇ ತಮ್ಮದೇ ರೀತಿಯಲ್ಲಿ ನಡೆಸಿದ್ದರು.

ಬಡಗಿಯೊಬ್ಬನ ಮಗನಾಗಿ ಹುಟ್ಟಿ, ಹದಿನಾಲ್ಕರ ವಯಸ್ಸಿಗೇ ಶಾಲೆಯನ್ನು ಬಿಟ್ಟು ಗುಮಾಸ್ತೆಯಾಗಿ ಸೇರಿದ ಆಲ್ಬರ್ಟ್ ಮ್ಯಾನ್ಸ್‌ಬ್ರಿಜ್, ತನ್ನ ಪತ್ನಿ ಫ್ರಾನ್ಸೆಸ್ ಮನೆವಾರ್ತೆಯ ಹಣದಿಂದ ತೆಗೆದುಕೊಟ್ಟ ಎರಡೂವರೆ ಷಿಲಿಂಗುಗಳ ಮೂಲಧನದಿಂದ 1903ರಲ್ಲಿ ಕಾರ್ಮಿಕರ ವಿದ್ಯಾಸಂಘವನ್ನು ಸ್ಥಾಪಿಸಿದನು. ನಾಲ್ಕು ವರ್ಷಗಳ ತರುವಾಯ ಆಕ್ಸ್‌ಫರ್ಡಿನಲ್ಲಿ ಕೂಡಿದ ಸಮ್ಮೇಳನದ ಫಲವಾಗಿ ವಿಶ್ವವಿದ್ಯಾನಿಲಯದ ಏಳು ಮಂದಿಯೂ ಸಂಘದ ಏಳು ಮಂದಿಯೂ ಕುಳಿತು ಆಲೋಚಿಸುವ ಜಂಟಿ ಸಮಿತಿಯೊಂದು ಏರ್ಪಟ್ಟಿತು. ಪಂಡಿತರ ಮನೆಯಲ್ಲಿ ಕೂಲಿಕಾರನಿಗೆ ಸರಿಸಮನಾದ ಆಸನ ದೊರೆತುದು ಸಾಮಾನ್ಯವಾದ ಮಾತಲ್ಲ.

ಈ ಸಮಿತಿಯು ದುಡಿಯುವವರಿಗಾಗಿ ತೆರೆದ ತರಗತಿಗಳಿಗೆ ಉಪಾಧ್ಯಾಯನಾಗಿ ಬಂದವನು ಆರ್. ಎಚ್. ಟಾನಿ. ಅವನು ಹುಟ್ಟಿದುದು 1880ರಲ್ಲಿ, ಕಲ್ಕತ್ತೆಯಲ್ಲಿ. ತಂದೆ ಅಲ್ಲಿನ ಪ್ರೆಸಿಡೆನ್ಸಿ ಕಾಲೇಜಿನ ಮುಖ್ಯಾಧ್ಯಾಪಕ, ಸೋಮದೇವನ ಕಥಾಸರಿತ್ಸಾಗರವನ್ನು ಇಂಗ್ಲಿಷಿಗೆ ತಂದ ಸಂಸ್ಕೃತ ವಿದ್ವಾಂಸ. ಮಗನಾದರೋ ಗ್ಲಾಸ್ಗೋದಿಂದ ರೈಲಿನಲ್ಲಿ ಬಂದು ಶುಕ್ರವಾರ ಸಂಜೆ ಕುಂಬಾರಿಕೆಯ ಊರಾದ ಲಾಂಗ್ಟನ್ನಿನಲ್ಲಿಯೂ, ಮರುದಿನ ಮಧ್ಯಾಹ್ನ ಹತ್ತಿಗಿರಣಿಗಳ ರಾಚ್‌ಡೇಲಿನಲ್ಲಿಯೂ ಆರ್ಥಿಕ ಚರಿತ್ರೆಯನ್ನು ಬೋಧಿಸುತ್ತಿದ್ದನು. ರಾಚ್‌ಡೇಲ್ ಎಂದರೆ 1844ರಲ್ಲಿ ಸಹಕಾರಿ ಅಂಗಡಿಯನ್ನು ತೆರೆದವರ ಊರು; ಲಾಭದಲ್ಲಿ ನೂರಕ್ಕೆ ಎರಡೂವರೆ ಪಾಲನ್ನು ವಿದ್ಯೆಗೆಂದು ತೆಗೆದಿಡುವ ಪದ್ಧತಿ ಅಲ್ಲಿ ಮೊದಲೇ ಇದ್ದಿತು.

ತರಗತಿಯ ಏರ್ಪಾಡು ಹೀಗಿದ್ದಿತು. ಸುಮಾರು 30 ಮಂದಿ; ಮೂರು ಚಳಿಗಾಲಗಳ ಪ್ರತಿಜ್ಞೆ; ವರ್ಷಕ್ಕೆ 24 ಸಂಜೆಗಳು; ಪ್ರತಿ ಸಂಜೆಯೂ ಒಂದು ಗಂಟೆ ಉಪನ್ಯಾಸ, ಮತ್ತೊಂದು ಗಂಟೆ ಚರ್ಚೆ. ಓದಬೇಕಾದ ವಿಷಯವನ್ನು ಆರಿಸುವುದರಲ್ಲಿ ವಿದ್ಯಾರ್ಥಿಗಳಿಗೆ ಅಧಿಕಾರವಿದ್ದಿತು. ಕಾರ್ಯದರ್ಶಿಯೂ ಅವರಲ್ಲಿಯೇ ಒಬ್ಬನು. ಪುಸ್ತಕಗಳು ಪೆಟ್ಟಿಗೆಯಲ್ಲಿ ಬಂದು ಕೈಯಿಂದ ಕೈಗೆ ದಾಟುತ್ತಿದ್ದವು. ಚರ್ಚೆಯಾದರೋ ಸರ್ವರ ಸೊತ್ತು: ಗಣಿಯ ಲೆಕ್ಕವನ್ನು ಗಣಿಯವನು, ಮಗ್ಗದ ಲೆಕ್ಕವನ್ನು ಮಗ್ಗದವನು ಮುಂದಿಡುತ್ತಿದ್ದನಾದ್ದರಿಂದ ಗ್ರಂಥದ ಸೂತ್ರವು ಪ್ರತ್ಯಕ್ಷ ಅನುಭವದ ಒರೆಗಲ್ಲಿಗೆ ತಾಗುತ್ತಿದ್ದಿತು. ಎರಡು ವಾರಕ್ಕೊಂದು ಪ್ರಬಂಧ ಮಾತ್ರ ಪ್ರತಿಯೊಬ್ಬನದು. ಅವನ ಹೆಸರಿನಲ್ಲಿಯೇ, ಅವನ ಕೈಯಿಂದಲೇ ಬರಬೇಕು. ಪರೀಕ್ಷೆಯೂ ಇಲ್ಲ, ಪದವಿಯೂ ಇಲ್ಲ. ಆದಕಾರಣ ಮತ್ತೊಬ್ಬನ ಶ್ರಮದಿಂದ ಪಡೆಯಬಹುದಾದ ಲಾಭವೂ ಇರಲಿಲ್ಲ. ಈ ಕಡೆಯ ಅಂಶವೇ ಮುಖ್ಯವಾದುದೆಂದು ನನಗೆ ತೋರುತ್ತದೆ. ಅಂಕವನ್ನು ಹಂಚಿಕೊಳ್ಳುವ ತಾಪತ್ರಯವಿಲ್ಲದೆಡೆಯಲ್ಲಿ ಅರಿವನ್ನು ಹಂಚಿಕೊಳ್ಳಲು ಯಾರೂ ಹಿಂಜರಿಯರು.

ಹಾಗೆಂದು ಎಲ್ಲವೂ ಸುಸೂತ್ರವಾಗಿ ನಡೆಯಿತೆಂದಲ್ಲ. ಹೆಚ್ಚುವರಿ ದುಡಿಮೆ, ರಾತ್ರಿಯ ಪಾಳಿ, ಕೆಲಸ ತಪ್ಪಿದ ದಿನಗಳ ಚಿಂತೆ, ಇವು ಹಾಜರಿಯನ್ನು ಕೆಡಿಸುತ್ತಿದ್ದವು. ಪ್ರಬಂಧಗಳು ಬರಲಿಲ್ಲವೆಂಬ ಉಪಾಧ್ಯಾಯರ ದೂರು ಮುಂದೆ ದಶಕಗಳ ಕಾಲ ಕೇಳಿಬಂದಿತು. ಹಗಲೆಲ್ಲ ಮಣ್ಣು ಕಲಸಿದ ಕೈ ಇರುಳಿನಲ್ಲಿ ಲೇಖನಿಯನ್ನು ಹಿಡಿಯಲು ತಡಮಾಡಿದರೆ ಅದನ್ನು ಆಲಸ್ಯವೆನ್ನಲು ನನಗಂತೂ ಮನಸ್ಸು ಬಾರದು.

ಟಾನಿ 1912ರಲ್ಲಿ ಹದಿನಾರನೆಯ ಶತಮಾನದ ಭೂಮಿಯ ಸಮಸ್ಯೆಯನ್ನು ಕುರಿತ ತನ್ನ ಗ್ರಂಥವನ್ನು ಪ್ರಕಟಿಸಿದಾಗ, ಪುಸ್ತಕಗಳಿಂದ ಸುಲಭವಾಗಿ ದೊರೆಯದ ಎಷ್ಟೋ ವಿಷಯಗಳನ್ನು ಈ ದುಡಿಯುವ ಶಿಷ್ಯರ ಆಕ್ಷೇಪಣೆಗಳೇ ತನಗೆ ಕಲಿಸಿದವೆಂದು ಮುನ್ನುಡಿಯಲ್ಲಿ ಒಪ್ಪಿಕೊಂಡನು. ಅಷ್ಟರಲ್ಲಿ ಲಾಂಗ್ಟನ್ನಿನ ಆ ಶಿಷ್ಯರು ತಾವೇ ಉಪಾಧ್ಯಾಯರಾಗಿದ್ದರು: 1911ರಲ್ಲಿ ಆರಂಭವಾದ ಉತ್ತರ ಸ್ಟಾಫರ್ಡ್‌ಷೈರಿನ ಗಣಿಕಾರ್ಮಿಕರ ವಿದ್ಯಾ ಚಳುವಳಿಯಲ್ಲಿ ಅವರು ಸಂಬಳವಿಲ್ಲದೆ, ಕೆಲಸ ಮುಗಿದ ಮೇಲೆ ಕಲ್ಲಿದ್ದಲಿನ ಹಳ್ಳಿಗಳಿಗೆ ಹೋಗಿ ಪಾಠ ಹೇಳುತ್ತಿದ್ದರು.