ಹಳೇ ಗ್ಯಾಸ್ಕೆಟ್ ತಪ್ಪು ನುಂಗ್ತಿತ್ತು, ಹೊಸಾದು ನುಂಗಂಗಿಲ್ಲ



ತೊಗರಿ ರಾಶಿ ಮುಗಿದು ಕೈಯಾಗ ನಾಲ್ಕು ದುಡ್ಡು ಬಂದ ಹೊತ್ತಿಗೇ ನನ್ನ ಸೆಕೆಂಡ್ ಹ್ಯಾಂಡ್ ಕಾರು ಕೈಕೊಟ್ಟಿತು. ಕಮಲಾಪುರದಿಂದ ಕಲಬುರಗಿಗೆ ಬರುವಾಗ ಕಾವಿನ ಮುಳ್ಳು ಮೇಲೇರಿತು. ಊರು ಬಂತಲ್ಲ ಅಂತ ನಾನು ನಿಲ್ಲಿಸಲಿಲ್ಲ. ಒಂದು ಗ್ಯಾರೇಜಿನಲ್ಲಿ ಹೆಡ್ ಗ್ಯಾಸ್ಕೆಟ್ ಬದಲಿಸಿದರು. ತಿಂಗಳು ತುಂಬಲಿಲ್ಲ, ಮತ್ತ ರೇಡಿಯೇಟರ್ ನೀರು ಕಡಿಮಿ. ಕೊನೆಗೆ ಮೋಮಿನಪುರದ ಹಿರಿಯ ಉಸ್ತಾದರೊಬ್ಬರ ಹತ್ತಿರ ಒಯ್ದೆ. "ಗ್ಯಾಸ್ಕೆಟ್ ತಪ್ಪಲ್ಲ ಸಾವ್ಕಾರ, ಅದು ಕುಂತ ಜಾಗ ನೋಡ್ರಿ" ಅಂದ್ರು.

ಈ ಮಾತಿನ ಹಿಂದೆ ಒಂದು ಇತಿಹಾಸ ಅದ.

ಬಾವಿ ಮ್ಯಾಲಿನ ಆಯಿಲ್ ಇಂಜಿನ್ ನೆನಪು ಮಾಡ್ಕೋರಿ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಕಟ್ಟಿದ ಉದ್ಯಮದಿಂದಲೇ 1946ರಲ್ಲಿ ಪುಣೆಯಲ್ಲಿ ಕಿರ್ಲೋಸ್ಕರ್ ಆಯಿಲ್ ಇಂಜಿನ್ಸ್ ಶುರುವಾಯಿತು. ಆ ಕಾಲದ ಇಂಜಿನ್ನಿನ ಬ್ಲಾಕೂ ಹೆಡ್ಡೂ ಬೀಡು ಕಬ್ಬಿಣ. ಹಳೇ ಅಂಬಾಸಿಡರ್ ಪೆಟ್ರೋಲ್ ಇಂಜಿನ್ನೂ ಹಂಗೇ. ಕಾದರೆ ಎರಡೂ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತಿದ್ದವು. ನಡುವೆ ಇರುತ್ತಿದ್ದ ತಾಮ್ರ-ಆಸ್ಬೆಸ್ಟಾಸ್ ಗ್ಯಾಸ್ಕೆಟ್ ಮೆತ್ತಗಿನದು. ಸಣ್ಣ ಗೀರು, ತಗ್ಗು ಇದ್ದರೆ ತಾನೇ ತುಂಬಿಕೊಳ್ಳುತ್ತಿತ್ತು.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಕಬ್ಬಿಣದ ಬ್ಲಾಕಿನ ಮ್ಯಾಲೆ ಅಲ್ಯುಮಿನಿಯಂ ಹೆಡ್. ತೂಕ ಹಗುರ ಆಯಿತು. ಆದರೆ ಅಲ್ಯುಮಿನಿಯಂ ಕಬ್ಬಿಣದ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ನೀರಿಲ್ಲದೆ ಓಡಿಸಿದರೆ ಬೋಲ್ಟುಗಳ ನಡುವೆ ಸಿಕ್ಕಿಕೊಂಡು ಬಾಗುತ್ತದೆ. ಮುಂದೆ ಆಸ್ಬೆಸ್ಟಾಸ್ ಧೂಳು ಶ್ವಾಸಕೋಶಕ್ಕೆ ಕೇಡು ಅಂತ ಅದು ಹಿಂದೆ ಸರಿಯಿತು. ಈಗ ಬಹಳ ಕಾರುಗಳಲ್ಲಿ ತೆಳು ಉಕ್ಕಿನ ಪದರಗಳ ಗ್ಯಾಸ್ಕೆಟ್. ತಾಳಿಕೆ ಜಾಸ್ತಿ, ಆದರೆ ಅದಕ್ಕ ಸಪಾಟಾದ, ನುಣುಪಾದ ಮುಖವೇ ಬೇಕು.

ಉಸ್ತಾದರು ಹೆಡ್ ಬಿಚ್ಚಿ, ಮುಖ ಒರೆಸಿ, ನೇರ ಪಟ್ಟಿ ಇಟ್ಟರು. ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ. ಪಟ್ಟಿಯ ಅಡಿ ಫೀಲರ್ ಗೇಜ್ ತೂರಿಸಿ ನೋಡಿದರು. ಸಣ್ಣ ಕಾರಿಗೆ 0.05 ಮಿಲಿಮೀಟರ್ ಆಸುಪಾಸೇ ಮಿತಿ. ನಿಮ್ಮ ಗಾಡಿಯ ಕೈಪಿಡಿಯಲ್ಲಿ ಖರೆ ಲೆಕ್ಕ ಇರ್ತದ. ನನ್ನ ಹೆಡ್ ಬಾಗಿತ್ತು. ಅದಕ್ಕಿಂತ ಕೆಟ್ಟದ್ದು ಬ್ಲಾಕ್: ಹಳೇ ಗ್ಯಾಸ್ಕೆಟ್ ಕೆರೆಯಲು ಯಾರೋ ಎಮರಿ ಡಿಸ್ಕ್ ಆಡಿಸಿ, ಎರಡು ಸಿಲಿಂಡರಿನ ನಡುವೆ ತಗ್ಗು ಮಾಡಿದ್ದರು. ಹೆಡ್ಡನ್ನಷ್ಟೇ ಫೇಸಿಂಗ್ ಮಾಡಿಸಿದ್ದರೆ ಮೂರನೇ ಗ್ಯಾಸ್ಕೆಟ್ಟೂ ಹೋಗುತ್ತಿತ್ತು. ಇಂಜಿನ್ ಇಳಿಸಿ ಬ್ಲಾಕಿಗೂ ಫೇಸಿಂಗ್ ಮಾಡಿಸಬೇಕಾಯಿತು. ಬಿತ್ತನೆ ಬೀಜಕ್ಕಂತ ಇಟ್ಟ ದುಡ್ಡು ಅಲ್ಲೇ ಕರಗಿತು.

ಆಯಿಲ್ ಹಾಲಿನ ಚಹಾದಂಗ ಆದರೆ, ರೇಡಿಯೇಟರಿನಲ್ಲಿ ಗುಳ್ಳಿ ಎದ್ದರೆ, ಕಾದ ಮೇಲೂ ಬಿಳಿ ಹೊಗಿ ನಿಲ್ಲದಿದ್ದರೆ ಗಾಡಿ ಓಡಿಸಬ್ಯಾಡ್ರಿ. ಬಿಸಿ ಇದ್ದಾಗ ಮುಚ್ಚಳ ತೆಗೀಬ್ಯಾಡ್ರಿ, ಹೆಡ್ಡೂ ಬಿಚ್ಚಿಸಬ್ಯಾಡ್ರಿ. ಹೊಸ ಗ್ಯಾಸ್ಕೆಟ್ ಹಾಕುವ ಮೊದಲು ಎದುರಿಗೆ ನಿಂತು ಕೇಳ್ರಿ: "ಹೆಡ್ಡಿಗೂ ಬ್ಲಾಕಿಗೂ ಪಟ್ಟಿ ಇಟ್ಟು ನೋಡಿದ್ರಿ?"

ನಾನು ಮೊದಲ ಸಲವೇ ಕೇಳಬೇಕಿತ್ತು.